2007ರಲ್ಲಿ ಇರಾಕ್ ಫುಟ್‌ಬಾಲ್ ಏಷ್ಯಾ ಕಪ್ ಗೆದ್ದಿದ್ದು: ಅಲ್ಲಿನ ಜನಕ್ಕೆ ನಿಜವಾಗಿ ಏನು ಸಿಕ್ಕಿತು?

ಮಧ್ಯರಾತ್ರಿ_ಮ್ಯಾಚ್ ಕೇಳಿದ್ದು:

ನಿದ್ದೆ ಬರದೆ ಹಳೇ ಮ್ಯಾಚುಗಳನ್ನು ನೋಡುತ್ತಾ ಕೂತಿದ್ದೆ, 2007ರ ಏಷ್ಯಾ ಕಪ್ ಫೈನಲ್ ಸಿಕ್ಕಿತು. ಜುಲೈ 29, ಜಕಾರ್ತ, ಇರಾಕ್ ಎದುರು ಸೌದಿ ಅರೇಬಿಯಾ. ಎರಡನೇ ಅರ್ಧದಲ್ಲಿ ಹವಾರ್ ಮುಲ್ಲಾ ಮೊಹಮ್ಮದ್ ಕಾರ್ನರ್ ಒದೆಯುತ್ತಾನೆ. ಸೌದಿ ಗೋಲ್‌ಕೀಪರ್ ಮುಂದೆ ಓಡಿಬಂದು ಕೈ ಚಾಚಿದರೂ ಚೆಂಡು ಸಿಗುವುದಿಲ್ಲ. ಹಿಂದಿನ ಕಂಬದ ಹತ್ತಿರ ನಿಂತಿದ್ದ ಕ್ಯಾಪ್ಟನ್ ಯೂನಿಸ್ ಮಹಮೂದ್ ತಲೆ ಕೊಡುತ್ತಾನೆ, ಅಷ್ಟೇ. 1-0. ಅದಕ್ಕೂ ಮುಂಚೆ ಮೂರು ಸಲ ಕಪ್ ಗೆದ್ದಿದ್ದ ಸೌದಿಗೆ ಇದರ ಎದುರು ಉತ್ತರವೇ ಸಿಗಲಿಲ್ಲ.

ವಿಡಿಯೋ ಕೆಳಗೆ ಎಲ್ಲರೂ ಬರೆದಿರುವುದು ಒಂದೇ ಮಾತು, ಫುಟ್‌ಬಾಲ್ ಒಡೆದ ದೇಶವನ್ನು ಒಂದು ಮಾಡಿತು ಅಂತ. ನನಗೆ ಅಲ್ಲೇ ಅನುಮಾನ. ಅದೇ ವರ್ಷ ಬಾಗ್ದಾದಿನಲ್ಲಿ ಶಿಯಾ, ಸುನ್ನಿ ಅಂತ ಹೆಸರು ಕೇಳಿ ಕೊಲ್ಲುತ್ತಿದ್ದರು. ಒಂದು ಗೋಲಿನಿಂದ ಅದು ನಿಲ್ಲುತ್ತಾ? ಅಲ್ಲಿದ್ದವರಿಗೆ ನಿಜವಾಗಿ ಏನಾದರೂ ಸಿಕ್ಕಿತಾ, ಇಲ್ಲ ದೂರದಲ್ಲಿ ಕೂತು ನೋಡುವ ನಮ್ಮಂಥವರಿಗೆ ಹಿತವಾಗಲಿ ಅಂತ ಕಟ್ಟಿದ ಕತೆಯಾ ಇದು?

ಎಡಗಾಲು10:

ಯುದ್ಧ ನಿಲ್ಲಲಿಲ್ಲ. ಹಾಗೆ ಹೇಳುವವರು ಸುಮ್ನೆ ಹೇಳುತ್ತಾರೆ. ಆದರೆ ಏನೂ ಸಿಗಲಿಲ್ಲ ಅನ್ನುವುದೂ ಸರಿಯಲ್ಲ, ಅದಕ್ಕೆ ಆ ತಿಂಗಳು ಏನೇನಾಯಿತು ಅಂತ ಸ್ವಲ್ಪ ನೋಡಬೇಕು.

ಆ ತಂಡಕ್ಕೆ ಸ್ವಂತ ನೆಲದಲ್ಲಿ ಆಡುವ ಅವಕಾಶವೇ ಇರಲಿಲ್ಲ. ಕೋಚ್ ಜೋರ್ವನ್ ವಿಯೇರಾ, ಬ್ರೆಜಿಲ್‌ನವನು, ಟೂರ್ನಿಗೆ ಎರಡು ತಿಂಗಳು ಇರುವಾಗ ಬಂದವನು. ತಂಡ ಹೊರಡುವ ಮೊದಲೇ ಅವರ ಫಿಸಿಯೋ ಬಾಗ್ದಾದಿನಲ್ಲಿ ಬಾಂಬಿಗೆ ಸತ್ತುಹೋದ. ಇಂಥ ಸ್ಥಿತಿಯಲ್ಲಿ ಹೋದವರು ಆಸ್ಟ್ರೇಲಿಯಾವನ್ನು 3-1ರಿಂದ ಹೊಡೆದರು, ವಿಯೆಟ್ನಾಮನ್ನು 2-0, ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಪೆನಾಲ್ಟಿಯಲ್ಲಿ.

ಆ ಸೆಮಿಫೈನಲ್ ರಾತ್ರಿ ಬಾಗ್ದಾದಿನಲ್ಲಿ ಜನ ಬೀದಿಗಿಳಿದು ಕುಣಿಯುತ್ತಿದ್ದರು. ಎರಡು ಕಡೆ ಕಾರ್ ಬಾಂಬ್ ಸಿಡಿಯಿತು. ಸುಮಾರು 50 ಜನ ಸತ್ತರು. ಸುದ್ದಿ ಆಟಗಾರರಿಗೆ ಮುಟ್ಟಿದಾಗ ನಮ್ಮಿಂದಾಗಿ ಜನ ಸಾಯುವುದಾದರೆ ಫೈನಲ್ಲೇ ಬೇಡ ಅನ್ನುವ ಮಾತೂ ಬಂತಂತೆ. ಆಮೇಲೆ ಟೀವಿಯಲ್ಲಿ ಒಬ್ಬ ತಾಯಿಯನ್ನು ನೋಡಿದರು. ಆ ರಾತ್ರಿ ಮಗನನ್ನು ಕಳೆದುಕೊಂಡವಳು, ಇವರು ಕಪ್ ಗೆಲ್ಲುವ ತನಕ ಮಗನನ್ನು ಮಣ್ಣು ಮಾಡುವುದಿಲ್ಲ ಅಂದಳಂತೆ. ಆಟಗಾರರೇ ಎಷ್ಟೋ ಸಲ ಹೇಳಿಕೊಂಡಿರುವ ವಿಷಯ ಇದು.

ನೀವು ಹೇಳಿದ ಗೋಲನ್ನು ಈಗ ಇನ್ನೊಂದು ಸಲ ನೋಡಿ. ಕಾರ್ನರ್ ಒದ್ದವನು ಕುರ್ದ್ ಜನಾಂಗದವನು. ತಲೆ ಕೊಟ್ಟವನು ಉತ್ತರ ಇರಾಕಿನ ಕಿರ್ಕುಕ್‌ನವನು, ತುರ್ಕ್‌ಮನ್ ಜನಾಂಗದ ಸುನ್ನಿ. ಮಿಡ್‌ಫೀಲ್ಡ್ ಹೊತ್ತುಕೊಂಡಿದ್ದ ನಶಾತ್ ಅಕ್ರಮ್ ಶಿಯಾ. ಅಲ್ಲಿನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಹೆಸರು ಕೇಳಿದರೇ ಗೊತ್ತಾಗುತ್ತಿತ್ತು. ಬೇರೆ ದಿನ ಅದೇ ಹೆಸರು ಚೆಕ್‌ಪೋಸ್ಟಿನಲ್ಲಿ ಜೀವ ತೆಗೆಯುತ್ತಿತ್ತು ಅಲ್ವಾ?

ಬೆಂಚಿನಮೇಲೆ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಗೆದ್ದ ಮೇಲಿನ ಭಾಗ ಯಾರೂ ಹೇಳುವುದಿಲ್ಲ. ಫೈನಲ್ ದಿನ ಬಾಗ್ದಾದಿನಲ್ಲಿ ವಾಹನ ಓಡಾಟಕ್ಕೇ ನಿಷೇಧ ಹಾಕಿದ್ದರು, ಮತ್ತೆ ಕಾರ್ ಬಾಂಬ್ ಬರಬಾರದು ಅಂತ. ಅಂದರೆ ಖುಷಿಪಡುವುದಕ್ಕೂ ಕರ್ಫ್ಯೂ ಬೇಕಾಯಿತು. ಖುಷಿಗೆ ಆಕಾಶಕ್ಕೆ ಹಾರಿಸಿದ ಗುಂಡು ತಗುಲಿಯೂ ಕೆಲವರು ಸತ್ತರು. ಕ್ಯಾಪ್ಟನ್ ಯೂನಿಸ್ ಗೆದ್ದ ದಿನವೇ ಅಮೆರಿಕದವರು ನಮ್ಮ ದೇಶ ಬಿಟ್ಟು ಹೋಗಲಿ ಅಂದ, ತಾನು ಊರಿಗೆ ಹೋಗಿ ಜನರ ಜೊತೆ ಸಂಭ್ರಮಿಸುವ ಹಾಗಿಲ್ಲ ಅಂತಲೂ ಬೇಜಾರು ಮಾಡಿಕೊಂಡ. ಕೋಚ್ ಅಲ್ಲಿಗೇ ಕೆಲಸ ಬಿಟ್ಟ.

ಹಾಗಂತ ಕಪ್ಪಿಗೆ ಬೆಲೆ ಇಲ್ಲ ಅಂತಲ್ಲ. ಇನ್ನೊಂದು ಕಡೆಯಿಂದ ನೋಡಿ. ಸದ್ದಾಂ ಕಾಲದಲ್ಲಿ ಫುಟ್‌ಬಾಲ್ ಅವನ ಮಗ ಉದಯ್‌ನ ಕೈಯಲ್ಲಿತ್ತು. ಸೋತು ಬಂದವರಿಗೆ ಜೈಲು, ಹೊಡೆತ. ಆಗ ಗೆಲ್ಲುವುದು ಅಂದರೆ ಒದೆ ತಪ್ಪಿಸಿಕೊಳ್ಳುವುದು. 2007ರ ಗೆಲುವು ಯಾರ ಮನೆಯ ಸ್ವತ್ತೂ ಆಗಿರಲಿಲ್ಲ. ಪ್ರಧಾನಿ ಬಹುಮಾನ ಘೋಷಿಸಿದರು ನಿಜ, ರಾಜಕಾರಣಿಗಳು ಫೋಟೋಗೆ ಬಂದೇ ಬರುತ್ತಾರೆ, ಅದು ಬೇರೆ. ನನಗಂತೂ ಆ ಕಪ್ಪಿನಲ್ಲಿ ದೊಡ್ಡದು ಅನ್ನಿಸುವುದು ಇದೇ, ಒಗ್ಗಟ್ಟು ಗಿಗ್ಗಟ್ಟು ಎಲ್ಲ ಆಮೇಲೆ.

ಕಂಬಕ್ಕೆಬಡಿದ_ಚೆಂಡು:

ಯಾರ ಸ್ವತ್ತು ಅನ್ನುವ ಮಾತು ಬಂತಲ್ಲ, ಸಿರಿಯಾ ನೆನಪಾಯಿತು. 2017ರಲ್ಲಿ ವಿಶ್ವಕಪ್‌ಗೆ ಹೋಗುವ ಹೊಸ್ತಿಲ ತನಕ ಬಂದರು. ಊರಲ್ಲಿ ಅಂತರ್ಯುದ್ಧ, ಹಾಗಾಗಿ ಸ್ವಂತ ನೆಲದ ಮ್ಯಾಚು ಮಲೇಷ್ಯಾದ ಮಲಕ್ಕಾದಲ್ಲಿ! ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಎದುರು ಹೆಚ್ಚುವರಿ ಸಮಯ, 2-1ಕ್ಕೆ ಹಿಂದೆ, ಕೊನೆ ಗಳಿಗೆಯಲ್ಲಿ ಒಮರ್ ಅಲ್ ಸೋಮಾ ಒದ್ದ ಫ್ರೀ ಕಿಕ್ ಕಂಬಕ್ಕೆ ಬಡಿದು ಆಚೆ ಹೋಯಿತು. ನನ್ನ ಹೆಸರು ನೋಡಿದರೆ ಗೊತ್ತಾಗುತ್ತೆ, ಇನ್ನೂ ಮರೆತಿಲ್ಲ.

ಆದರೆ ಆಗ ಸಿರಿಯಾದವರೆಲ್ಲ ಅತ್ತರು ಅಂದುಕೊಳ್ಳಬೇಡಿ. ಡಮಾಸ್ಕಸ್‌ನಲ್ಲಿ ದೊಡ್ಡ ಪರದೆ ಹಾಕಿ ನೋಡಿದವರೂ ಇದ್ದರು, ಇದು ಅಧ್ಯಕ್ಷ ಅಸಾದ್‌ನ ತಂಡ, ನಮ್ಮದಲ್ಲ ಅಂತ ಟೀವಿ ಆರಿಸಿದವರೂ ಇದ್ದರು. ಸಿರಿಯಾದ ಆಟಗಾರ ಫಿರಾಸ್ ಅಲ್ ಖತೀಬ್ 2012ರಲ್ಲಿ ಇದೇ ಕಾರಣಕ್ಕೆ ತಂಡ ಬಿಟ್ಟ, 2017ರಲ್ಲಿ ವಾಪಸ್ ಬಂದ, ಬಂದಿದ್ದಕ್ಕೆ ಎಷ್ಟೋ ಜನ ಅವನನ್ನು ಕ್ಷಮಿಸಲಿಲ್ಲ. ಮನೆ ಮೇಲೆ ಬಾಂಬ್ ಹಾಕಿದವನು ಅದೇ ಜರ್ಸಿ ಹಿಡಿದು ನಗುತ್ತಾ ಫೋಟೋ ತೆಗೆಸಿಕೊಂಡರೆ ಯಾರಿಗೆ ತಾನೇ ಗೋಲಿಗೆ ಕೂಗುವ ಮನಸ್ಸು ಬರುತ್ತೆ ಹೇಳಿ.

ಅಂತರ್ಯುದ್ಧದಲ್ಲಿದ್ದ ಐವರಿ ಕೋಸ್ಟ್ ಕತೆ ಎಲ್ಲರಿಗೂ ಗೊತ್ತು, 2005ರಲ್ಲಿ ಅಲ್ಲಿನ ಸ್ಟಾರ್ ಆಟಗಾರ ದ್ರೋಗ್ಬಾ ಮಂಡಿಯೂರಿ ಬಂದೂಕು ಕೆಳಗಿಡಿ ಅಂದಿದ್ದು, 2007ರಲ್ಲಿ ಬಂಡುಕೋರರ ಊರಾಗಿದ್ದ ಬುವಾಕೆಯಲ್ಲೇ ಮ್ಯಾಚ್ ಆಡಿಸಿ ಮಡಗಾಸ್ಕರನ್ನು 5-0 ಹೊಡೆದಿದ್ದು. ಆದರೆ ಶಾಂತಿ ಒಪ್ಪಂದ ಆ ಮ್ಯಾಚಿಗೆ ಮೂರು ತಿಂಗಳ ಮೊದಲೇ ಆಗಿತ್ತು. 2010ರ ಚುನಾವಣೆ ಆದಮೇಲೆ ಮತ್ತೆ ಹೊಡೆದಾಟ ಶುರುವಾಗಿ ಸುಮಾರು 3,000 ಜನ ಸತ್ತರು. ಆ ಭಾಗ ಯಾವ ವಿಡಿಯೋದಲ್ಲೂ ಇರುವುದಿಲ್ಲ.

ಮಧ್ಯರಾತ್ರಿ_ಮ್ಯಾಚ್:

ಥ್ಯಾಂಕ್ಸ್ ಎಲ್ಲರಿಗೂ. ಬಾಂಬ್ ವಿಷಯ ಗೊತ್ತಿರಲಿಲ್ಲ. ಕುಣಿಯುವವರ ಮೇಲೇ ಬಾಂಬ್ ಹಾಕಿದರು ಅಂದರೆ ಆ ಕುಣಿತ ಯಾರಿಗೋ ನಿಜವಾಗಿ ಚುಚ್ಚಿದೆ ಅಂತ ಆಯಿತಲ್ಲ. ನನ್ನ ಅನುಮಾನ ಅರ್ಧ ಹೋಯಿತು, ಅರ್ಧ ಇನ್ನೂ ಇದೆ. ಸೆಮಿಫೈನಲ್ ಪೂರ್ತಿ ನೋಡಬಹುದಾ, 0-0 ಅಂತಿದೆ?

ಎಡಗಾಲು10:

ಮೊದಲ ತೊಂಬತ್ತು ನಿಮಿಷ ಬೋರು, ಸುಳ್ಳು ಯಾಕೆ ಹೇಳಲಿ. ಸೀದಾ ಪೆನಾಲ್ಟಿಗೆ ಹೋಗಿ. ಕೊರಿಯಾದ ಒಂದು ಒದೆತವನ್ನು ಇರಾಕ್ ಗೋಲ್‌ಕೀಪರ್ ನೂರ್ ಸಬ್ರಿ ತಡೆಯುತ್ತಾನೆ, ಇನ್ನೊಂದು ಕಂಬಕ್ಕೆ ಬಡಿಯುತ್ತೆ. ಅಲ್ಲಿಂದ ಮುಂದೆ ಯಾರು ಯಾರ ಮೇಲೆ ಬಿದ್ದಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.