ಹಳೆ ಮನೆಯ ತಣ್ಣನೆ ನೆಲ: ಒಡೆಸೋದಾ, ಬೇಡ್ವಾ?

ಧರೆಯಂಚಿನ ಮನೆ:
ನಮ್ಮದು ಆಗುಂಬೆ ಕಡೆ, ಅಜ್ಜ ಕಟ್ಟಿಸಿದ ತೊಟ್ಟಿ ಮನೆ. ಮಣ್ಣಿನ ಗೋಡೆ, ಕೆಳಗೆ ರೆಡ್ ಆಕ್ಸೈಡ್ ನೆಲ. ಮೆತ್ತಿನಲ್ಲಿ, ಅಂದರೆ ಮಹಡಿಯಲ್ಲಿ, ಹಲಗೆ ನೆಲ, ಅಲ್ಲಿ ತೊಂದರೆ ಇಲ್ಲ. ಕೆಳಗೆ ಮಾತ್ರ ಡಿಸೆಂಬರ್ ಬಂತೆಂದರೆ ಕಾಲಿಡಲು ಆಗುವುದಿಲ್ಲ. ಮಳೆಗಾಲದಲ್ಲಿ ನೆಲ ಬೆವರುತ್ತದೆ. ಅಮ್ಮನಿಗೆ 74 ವರ್ಷ, ಮಂಡಿ ನೋವು. ಈ ಸಲ ನಡುಮನೆಯಲ್ಲಿ ಕೂತು ಅಡಿಕೆ ಸುಲಿಯುವುದನ್ನೇ ಬಿಟ್ಟರು. ನೆಲ ಒಡೆದು ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಥರ್ಮೊಕೋಲ್, ಕಾಂಕ್ರೀಟ್, ಕೊನೆಗೆ ಟೈಲ್ ಹಾಕೋಣ ಅಂತ ಒಬ್ಬ ಕಂಟ್ರಾಕ್ಟರ್ ಹೇಳಿದ್ದಾರೆ. ಮಾಡಿಸಬಹುದಾ?

ಸಾಗರದ ಸಿವಿಲ್:
ಮಾಡಿಸಿ. ಕಾಂಕ್ರೀಟ್ ಮರಕ್ಕಿಂತ ಸುಮಾರು 10 ಪಟ್ಟು ಬೇಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಿಮ್ಮ ಮೆತ್ತು ಬೆಚ್ಚಗೆ ಅನ್ನಿಸುವುದು ಅದಕ್ಕೇ. ಥರ್ಮೊಕೋಲ್ ಮರಕ್ಕಿಂತಲೂ ಒಳ್ಳೆಯದು. ಆದರೆ ಟಿವಿ ಪೆಟ್ಟಿಗೆಯಲ್ಲಿ ಬರುವ ಹಗುರದ್ದು ಬೇಡ, ಭಾರಕ್ಕೆ ಕುಸಿಯುತ್ತದೆ. ನೆಲಕ್ಕೆಂದೇ ಬರುವ ಎಕ್ಸ್‌ಪಿಎಸ್ ಹಾಳೆ, ಅಂದರೆ ಥರ್ಮೊಕೋಲ್ ಜಾತಿಯದೇ ಗಟ್ಟಿ ಫೋಮ್, ಹಾಕಿಸಿ, 50 ಮಿಮೀ ಇರಲಿ.

ಗಾರೆ ಕೆಲಸ:
ಸರ್, ಸಿಮೆಂಟ್ ಮನೆಗೆ ಇದು ಸರಿ. ಮಣ್ಣಿನ ಗೋಡೆಗೆ ಬೇಡ. ನೆಲದಡಿಯ ತೇವಕ್ಕೆ ಮೇಲೆ ಬರಲು ದಾರಿ ಮುಚ್ಚಿದರೆ ಅದು ಗೋಡೆ ಹತ್ತುತ್ತದೆ. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ಟೈಲ್ ಹಾಕಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡ ಮೊಣಕಾಲೆತ್ತರಕ್ಕೆ ಉದುರಿತು. ಇಟ್ಟಿಗೆ ಜಲ್ಲಿ ಹಾಕಿ ಸುಣ್ಣದ ಗಾರೆ ಮಾಡಿಸಿ, ನೆಲ ಉಸಿರಾಡಲಿ. ಇನ್ನೊಂದು ಮಾತು. ಒಳಗೆ ನೆಲ ಅಗೆಯುವಾಗ ಪಾಯದ ಕಲ್ಲಿಗಿಂತ ಕೆಳಗೆ ಹೋಗಲೇಬೇಡಿ. ಹಳೆ ಮನೆಗಳ ಪಾಯ ಆಳ ಇರುವುದಿಲ್ಲ.

ಸಾಗರದ ಸಿವಿಲ್:
ಗೋಡೆಯ ಮಾತು ಒಪ್ಪಿದೆ. ಅವರದು ಮಣ್ಣಿನ ಗೋಡೆ ಅನ್ನುವುದನ್ನು ನಾನು ಯೋಚಿಸಬೇಕಿತ್ತು. ಆದರೆ ಉಸಿರಾಡುವ ನೆಲ ಅಂತೀರಲ್ಲ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀಗೂ ಹೆಚ್ಚು ಮಳೆ. ಜುಲೈನಲ್ಲಿ ಮನೆಯೊಳಗಿನ ಗಾಳಿಯೇ ಒದ್ದೆ. ತೇವ ಮೇಲೆ ಬಂದು ಆರುವುದಾದರೂ ಎಲ್ಲಿ? ಸುಣ್ಣದ ನೆಲ ಆಗ ಒದ್ದೆಯಾಗಿಯೇ ಇರುತ್ತದೆ. ಒದ್ದೆ ನೆಲ ಒಣ ನೆಲಕ್ಕಿಂತ ಜಾಸ್ತಿ ತಣ್ಣಗೆ.

ಹೊಸನಗರದ ಅಕ್ಕ:
ಮಾರಾಯ್ರೆ, ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಹೆಸರಲ್ಲೇ ಧರೆ ಇಟ್ಟುಕೊಂಡಿದ್ದೀರಿ, ಮನೆ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ನೇರ ಅಂಚು, ಇದೆ ತಾನೆ? ನಮ್ಮಲ್ಲೂ ಇದೆ. ಮಳೆ ಹಿಡಿದರೆ ಧರೆಯ ಬುಡದಲ್ಲಿ ಜಲ ಏಳುತ್ತಿತ್ತು, ಅಡುಗೆಮನೆ ನೆಲ ಸೆಪ್ಟೆಂಬರ್ ಮುಗಿದರೂ ಒಣಗುತ್ತಿರಲಿಲ್ಲ. ಧರೆಗೂ ಗೋಡೆಗೂ ನಡುವೆ ಮೂರು ಅಡಿ ಆಳಕ್ಕೆ ಕಾಲುವೆ ತೆಗೆಸಿ, ತೂತಿನ ಪೈಪ್ ಇಟ್ಟು, ಜಲ್ಲಿ ತುಂಬಿಸಿ ನೀರನ್ನು ತೋಟಕ್ಕೆ ಬಿಟ್ಟೆವು. ನೆಲ ಮುಟ್ಟಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಚಾಪೆಗೆ ಬೂಷ್ಟು ಹಿಡಿಯುವುದು ನಿಂತಿತು.

ಒಂದು ಪರೀಕ್ಷೆ ಮಾಡಿ. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ಸುತ್ತ ಟೇಪ್ ಅಂಟಿಸಿ ಎರಡು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ತೇವ ನೆಲದಿಂದ. ಮೇಲೆ ಕಂಡರೆ ಗಾಳಿಯಿಂದ.

ಸಾಗರದ ಸಿವಿಲ್:
ಅಕ್ಕ ಹೇಳಿದ ಪರೀಕ್ಷೆ ಸರಿಯಾದದ್ದೇ. ಆದರೆ ಈ ಚಳಿಗಾಲದ ಫಲಿತಾಂಶವನ್ನೇ ನಂಬಬೇಡಿ, ಜುಲೈನಲ್ಲಿ ಇನ್ನೊಮ್ಮೆ ಮಾಡಿ.

ಗಾರೆ ಕೆಲಸ:
ಅಮ್ಮನವರ ಕಾಲಿನ ವಿಷಯ ಎಲ್ಲರೂ ಮರೆತಿರಾ? ಅಡಿಯಲ್ಲಿ ಏನೇ ಹಾಕಿದರೂ ಬರಿಗಾಲಿಗೆ ತಾಗುವುದು ಮೇಲಿನ ಟೈಲ್. ಅದು ತಣ್ಣಗೇ ಇರುತ್ತದೆ, ಮಳೆಗಾಲದಲ್ಲಿ ಜಾರುತ್ತದೆ ಕೂಡ. 74ರ ವಯಸ್ಸಿನವರು ಬಿದ್ದರೆ ಗತಿಯೇನು? ಹಳೆ ರೆಡ್ ಆಕ್ಸೈಡ್ ಒಡೆದರೆ ಆ ನುಣುಪು ಮತ್ತೆ ಬರುವುದೂ ಇಲ್ಲ. ಅವರು ಕೂರುವ ಜಾಗದಲ್ಲಿ ಒಂದು ಹಲಗೆಯ ಜಗಲಿ ಮಾಡಿಕೊಡಿ, ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ. ಅಡಿಯಲ್ಲಿ ಗಾಳಿ ಆಡಲಿ, ಗೆದ್ದಲು ಬಂದರೆ ಕಾಣಲಿ.

ಸಾಗರದ ಸಿವಿಲ್:
ಕಾಲಿಗೆ ತಾಗುವುದು ಮೇಲಿನ ಪದರ ಅನ್ನುವುದು ನಿಜ. ಎಕ್ಸ್‌ಪಿಎಸ್‌ನಿಂದ ಕೋಣೆ ಬೆಚ್ಚಗಾಗುತ್ತದೆ, ಬರಿಗಾಲಿಗೆ ಅಷ್ಟು ಗೊತ್ತಾಗುವುದಿಲ್ಲ. ಆದರೂ ಮಣ್ಣಿನ ಗೋಡೆ ಇಲ್ಲದ ಕೋಣೆಗಾದರೆ ನಾನು ಅದನ್ನೇ ಹೇಳುತ್ತೇನೆ.

ಧರೆಯಂಚಿನ ಮನೆ:
ಹಾಳೆ ಅಂಟಿಸಿ ನೋಡಿದೆ. ಧರೆಯ ಕಡೆ ಅಡುಗೆಮನೆಯಲ್ಲಿ ಅಡಿಯಲ್ಲಿ ನೀರು, ಈ ಚಳಿಗಾಲದಲ್ಲೂ! ನಡುಮನೆಯಲ್ಲಿ ಎರಡೂ ಕಡೆ ಒಣ. ಕಂಟ್ರಾಕ್ಟರ್‌ಗೆ ಸದ್ಯಕ್ಕೆ ಬೇಡ ಅಂದಿದ್ದೇನೆ. ಫೆಬ್ರವರಿಯಲ್ಲಿ ಕಾಲುವೆ ತೆಗೆಸುತ್ತೇವೆ. ಅಟ್ಟದಲ್ಲಿ ಹಲಸಿನ ಹಳೆ ಹಲಗೆಗಳು ಸಿಕ್ಕವು, ಜಗಲಿಗೆ ಸಾಕು. ಒಲೆಯ ಕಡೆ ಮುಖ ಮಾಡಿ ಹಾಕು ಅಂತ ಅಮ್ಮ ಈಗಲೇ ಜಾಗ ತೋರಿಸಿದ್ದಾರೆ.