ಆಯಿಲ್ ಕೂಲರ್ ಲೈನ್ ಬದಲಿಸಿದರೂ ಎಣ್ಣೆ ಸೋರುತ್ತಿದೆ, ಯಾವ ಹೋಸ್, ಯಾವ ಫಿಟಿಂಗ್ ಹಾಕಲಿ?

ಡೀಸೆಲ್ ಸವಾರ

ಎಲ್ಲರಿಗೂ ನಮಸ್ಕಾರ. ಗಾಡಿ ಹಳೇ ಡೀಸೆಲ್. ರೇಡಿಯೇಟರ್ ಮುಂದೆ ಎಂಜಿನ್ ಆಯಿಲ್ ಕೂಲರ್ ಇದೆ, ಅದಕ್ಕೆ ಎರಡು ಲೈನ್. ಮೊದಲಿದ್ದ ಲೈನಿನಲ್ಲಿ ಎರಡೂ ತುದಿಗೆ ಸ್ಟೀಲ್ ಪೈಪ್, ನಡುವೆ ಕ್ರಿಂಪ್ ಮಾಡಿದ (ಲೋಹದ ಕಾಲರ್ ಒತ್ತಿ ಬಿಗಿದ) ರಬ್ಬರ್ ಹೋಸ್ ಇತ್ತು. ಕ್ರಿಂಪ್ ಹತ್ತಿರ ಜಿನುಗತೊಡಗಿತು. ಗ್ಯಾರೇಜಿನಲ್ಲಿ ಕ್ರಿಂಪ್ ಕತ್ತರಿಸಿ, ಉಳಿದ ಸ್ಟೀಲ್ ಪೈಪಿಗೆ ಬೇರೆ ರಬ್ಬರ್ ಹೋಸ್ ತೊಡಿಸಿ ಸ್ಕ್ರೂ ಕ್ಲಿಪ್ ಹಾಕಿದರು. ಹಳೇ ಕೂಲರ್ ತೂತಾಗಿದ್ದರಿಂದ ಬೇರೆ ಕೂಲರ್ ಕೂರಿಸಿ, ಅದರ ಪೋರ್ಟಿಗೆ ಟೆಫ್ಲಾನ್ ಟೇಪ್ ಸುತ್ತಿದ ಹಿತ್ತಾಳೆ ಅಡಾಪ್ಟರ್ ಹಾಕಿದ್ದಾರೆ.

ಈಗಿನ ಸ್ಥಿತಿ: ತಣ್ಣಗಿದ್ದಾಗ ಐಡಲ್‌ನಲ್ಲಿ ಒಂದು ಹನಿಯೂ ಇಲ್ಲ. ಹೈವೇಯಲ್ಲಿ ಓಡಿಸಿ ಬಂದರೆ ಕೂಲರ್ ಕೆಳಗೆಲ್ಲ ಒದ್ದೆ, ಬಂಪರ್ ಅಂಚಿನಿಂದ ತೊಟ್ಟಿಕ್ಕುತ್ತದೆ. ಅಡಾಪ್ಟರನ್ನು ಇನ್ನಷ್ಟು ಬಿಗಿ ಮಾಡಿಸಿದ ಮೇಲೆ ಸೋರಿಕೆ ಜಾಸ್ತಿಯೇ ಆಯಿತು. ಟೇಪ್ ಬದಲು ಸೀಲೆಂಟ್ ಹಾಕಿದರೆ ನಿಲ್ಲುತ್ತದೆಯೇ? ಒಳ್ಳೆಯ ಹೋಸ್ ಯಾವುದು?

ಪಿಚ್ ಗೇಜ್

ಸರ್, ಸೀಲೆಂಟ್ ವಿಷಯ ಆಮೇಲೆ. ಮೊದಲು ಡಿಪ್‌ಸ್ಟಿಕ್ ನೋಡಿ, ಎಣ್ಣೆ ಮಟ್ಟ ಸರಿಯಿರಲಿ. ಕೂಲರ್ ಲೈನಿನಲ್ಲಿ ಓಡುವುದು ಪಂಪ್ ಒತ್ತಡದ ಎಣ್ಣೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಸುಮಾರು 1 ಬಾರ್ ಇದ್ದರೆ, ಆರ್‌ಪಿಎಂ ಏರಿದಾಗ 3ರಿಂದ 5 ಬಾರ್ ಆಗುವುದು ಸಾಮಾನ್ಯ. ಅದಕ್ಕೇ ನಿಮಗೆ ನಿಂತಲ್ಲಿ ಕಾಣದ ಸೋರಿಕೆ ಓಟದಲ್ಲಿ ಕಾಣುತ್ತಿದೆ. ಹೋಸ್ ಕ್ಲಿಪ್ಪಿನಿಂದ ಜಾರಿ ಹೊರಬಂದರೆ ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಖಾಲಿಯಾಗಲು ಹೆಚ್ಚು ಹೊತ್ತು ಬೇಡ. ಆಯಿಲ್ ಲ್ಯಾಂಪ್ ಹೊತ್ತಿದ ತಕ್ಷಣ ಎಂಜಿನ್ ಆಫ್ ಮಾಡಿ, ಮನೆವರೆಗೆ ಹೋಗಿಬಿಡೋಣ ಅಂತ ಎಳೆಯಬೇಡಿ. ಎಣ್ಣೆ ಎಕ್ಸಾಸ್ಟ್ ಮೇಲೆ ಸಿಡಿಯುವ ಜಾಗದಲ್ಲಿ ಲೈನ್ ಹಾದಿದ್ದರೆ, ಇದು ಸರಿಯಾಗುವವರೆಗೆ ಗಾಡಿ ತೆಗೆಯಲೇಬೇಡಿ. ಬೆಂಕಿಯ ಪ್ರಶ್ನೆ ಅದು.

ಇನ್ನು ಮೂಲ ಹುಡುಕುವ ಕೆಲಸ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಉಳಿದದ್ದು ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹೊಡೆದು ಪೂರಾ ತೊಳೆದು, ಒಣಗಿಸಿ, ಎಲ್ಲ ಜಾಯಿಂಟ್ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಒಂದು ಚಿಕ್ಕ ಸುತ್ತು ಹೊಡೆದು ಬನ್ನಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅದೇ ಮೂಲ.

ಜೊತೆಗೆ ಇಷ್ಟು ತಿಳಿಸಿ: ಹೋಸ್ ಮೇಲೆ ಏನು ಬರೆದಿದೆ? ಅಡಾಪ್ಟರ್ ಬಿಚ್ಚಿದರೆ ಥ್ರೆಡ್ ತುದಿಯ ವ್ಯಾಸ ಎಷ್ಟು, ಷಟ್ಕೋನದ ಹತ್ತಿರ ಎಷ್ಟು? ಕೂಲರ್ ಪೋರ್ಟಿನ ಬಾಯಿ ಚಪ್ಪಟೆಯೋ, ಒಳಗೆ ಕೋನ್ ಇದೆಯೋ, ಓ-ರಿಂಗ್ ಕೂರುವ ತೋಡು ಇದೆಯೋ?

ಶೆಡ್ ಹುಡುಗ

ಅಣ್ಣಾ, ನಾನಾಗಿದ್ದರೆ ಹಳೇ ಕ್ರಿಂಪ್ ಮೇಲೇ ಒಂದು ಕ್ಲಿಪ್ ಹಾಕಿ ಬಿಗಿ ಮಾಡುತ್ತಿದ್ದೆ. ಸುಮಾರು ಜನ ಹಾಗೇ ಓಡಿಸುತ್ತಾರೆ.

ಪಿಚ್ ಗೇಜ್

ಬೇಡಪ್ಪ. ಕ್ರಿಂಪ್ ಜಿನುಗುವುದು ಒಳಗಿನ ರಬ್ಬರ್ ಬಿಸಿಗೆ ಗಟ್ಟಿಯಾಗಿ, ಹಿಡಿತ ಸಡಿಲವಾದಾಗ. ಮೇಲಿಂದ ಕ್ಲಿಪ್ ಹಾಕಿದರೆ ಒತ್ತುವುದು ಹೊರಗಿನ ಸ್ಟೀಲ್ ಕಾಲರನ್ನು, ರಬ್ಬರನ್ನಲ್ಲ. ಸೋರಿಕೆ ನಿಂತ ಹಾಗೆ ಕಂಡು, ಮುಂದೊಂದು ದಿನ ಹೋಸೇ ಕಿತ್ತುಕೊಂಡು ಬರುತ್ತದೆ.

ಡೀಸೆಲ್ ಸವಾರ

ಪೌಡರ್ ಪರೀಕ್ಷೆ ಮಾಡಿದೆ ಸರ್. ಎರಡು ಕಡೆ ಒದ್ದೆ. ಒಂದು, ಕೂಲರ್ ಅಡಾಪ್ಟರಿನ ಥ್ರೆಡ್ ಸುತ್ತ. ಇನ್ನೊಂದು, ಹೋಸ್ ಕ್ಲಿಪ್ ಪಕ್ಕ. ಅಲ್ಲಿ ರಬ್ಬರ್ ಊದಿಕೊಂಡು ಮೆತ್ತಗಾಗಿದೆ, ಬೆರಳಿಗೆ ಅಂಟಂಟು. ಹೋಸ್ ಮೇಲೆ ಹೀಟರ್ ಹೋಸ್ ಅಂತ ಅಚ್ಚಾಗಿದೆ.

ಅಡಾಪ್ಟರ್ ಥ್ರೆಡ್ ತುದಿಯಲ್ಲಿ ಸಣ್ಣ, ಷಟ್ಕೋನದ ಕಡೆ ದಪ್ಪ. ವರ್ನಿಯರ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇಂಚಿಗೆ 14 ಥ್ರೆಡ್. ಕೂಲರ್ ಪೋರ್ಟಿನದೂ 14, ಆದರೆ ಅದು ನೇರ ಥ್ರೆಡ್, ಬಾಯಿ ಚಪ್ಪಟೆಯಾಗಿ ಮೆಷಿನ್ ಮಾಡಿದ್ದು. ಕೂಲರ್ ಜೊತೆ ಬಂದ ಕಾಗದದಲ್ಲಿ ಅರ್ಧ ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಅಂತಿದೆ.

ಪಿಚ್ ಗೇಜ್

ಎರಡು ಕಾಯಿಲೆಯೂ ಸಿಕ್ಕಿತು.

ಹೋಸ್ ಮೊದಲು. ಹೀಟರ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು. ಕೂಲೆಂಟಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಎಂಜಿನ್ ಆಯಿಲಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಎಣ್ಣೆ ಕುಡಿದು ಊದುತ್ತದೆ, ಬಲ ಕಳೆದುಕೊಳ್ಳುತ್ತದೆ. ಓ-ರಿಂಗಿಗೂ ಇದೇ ಮಾತು: ಎಣ್ಣೆಗೆ ನೈಟ್ರೈಲ್, ಹೆಚ್ಚು ಬಿಸಿಯಿದ್ದರೆ ವೈಟಾನ್, ಬ್ರೇಕ್ ಫ್ಲೂಯಿಡಿಗೆ ಇಪಿಡಿಎಂ. ಕಪ್ಪಗಿರುವುದೆಲ್ಲ ಒಂದೇ ರಬ್ಬರ್ ಅಲ್ಲ.

ಈಗ ಅಡಾಪ್ಟರ್. ಅದು ಬಹುಮಟ್ಟಿಗೆ ಅರ್ಧ ಇಂಚು ಎನ್‌ಪಿಟಿ, ಅಂದರೆ ತುದಿಗೆ ಸಣ್ಣಗಾಗುವ ಅಮೆರಿಕದ ಓರೆ ಪೈಪ್ ಥ್ರೆಡ್. ಎನ್‌ಪಿಟಿ ಮತ್ತು ಬಿಎಸ್‌ಪಿ ಎರಡಕ್ಕೂ ಅರ್ಧ ಇಂಚು ಸೈಜಿನಲ್ಲಿ ಇಂಚಿಗೆ 14 ಥ್ರೆಡ್ಡೇ. ಅದಕ್ಕೇ ಕೆಲವು ಸುತ್ತು ಸಲೀಸಾಗಿ ಹತ್ತಿ, ಸರಿಯಾಗಿ ಕೂತ ಹಾಗೆ ಅನ್ನಿಸುತ್ತದೆ. ಆದರೆ ಎನ್‌ಪಿಟಿ ಥ್ರೆಡ್ಡಿನ ಕೋನ 60 ಡಿಗ್ರಿ, ಬಿಎಸ್‌ಪಿಯದು 55. ಹಲ್ಲಿಗೆ ಹಲ್ಲು ಪೂರ್ತಿ ಕೂರುವುದೇ ಇಲ್ಲ, ಉದ್ದಕ್ಕೂ ಸುರುಳಿ ಸಂದಿ ಉಳಿಯುತ್ತದೆ. ಟೇಪ್ ಆ ಸಂದಿಯನ್ನು ತಣ್ಣಗಿರುವಾಗ ಮುಚ್ಚುತ್ತದೆ, ಬಿಸಿ ಎಣ್ಣೆ ಒತ್ತಡದಲ್ಲಿ ಬಂದಾಗ ದಾರಿ ಬಿಡುತ್ತದೆ. ಇದೇ ಗೊಂದಲ ಆಯಿಲ್ ಪ್ರೆಶರ್ ಸೆಂಡರಿನಲ್ಲೂ ಬರುತ್ತದೆ, 1/8 ಇಂಚು ಸೈಜಿನಲ್ಲಿ ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್, ಬಿಎಸ್‌ಪಿಗೆ 28.

ಬಿಗಿ ಮಾಡಿದಾಗ ಸೋರಿಕೆ ಹೆಚ್ಚಾಯಿತು ಅಂದಿರಲ್ಲ, ನನಗೆ ಚಿಂತೆ ಅದೇ. ಓರೆ ಥ್ರೆಡ್ಡನ್ನು ಅಲ್ಯೂಮಿನಿಯಂ ಪೋರ್ಟಿಗೆ ಬಲವಂತವಾಗಿ ತಿರುಗಿಸಿದರೆ, ಅದು ಬೆಣೆ ಹೊಡೆದ ಹಾಗೆ ಬಾಯಿಯನ್ನು ಬಿರಿಸುತ್ತದೆ. ಪೋರ್ಟ್ ಸುತ್ತ ಚೆನ್ನಾಗಿ ಒರೆಸಿ, ಬೆಳಕು ಹಿಡಿದು ಕೂದಲೆಳೆ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಯಾವ ಫಿಟಿಂಗೂ ಅದನ್ನು ಕಾಪಾಡುವುದಿಲ್ಲ, ಕೂಲರ್ ಬದಲಿಸಬೇಕು.

ಇಲ್ಲಿ ಒಂದು ವಿಷಯ ಎಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕು. ಬಹಳಷ್ಟು ಫಿಟಿಂಗ್‌ಗಳಲ್ಲಿ ಥ್ರೆಡ್ ಬರೀ ಹಿಡಿದಿಡುತ್ತದೆ, ಸೀಲ್ ಆಗುವುದು ಬೇರೆ ಜಾಗದಲ್ಲಿ. ನೇರ ಥ್ರೆಡ್ ಇದ್ದರೆ ಚಪ್ಪಟೆ ಮುಖದ ವಾಷರಿನಲ್ಲೋ ಓ-ರಿಂಗಿನಲ್ಲೋ. ಬ್ಯಾಂಜೋ ಬೋಲ್ಟಿನಲ್ಲಿ (ಎಣ್ಣೆ ಹಾಯಲು ಒಳಗೆ ಟೊಳ್ಳಿರುವ ಬೋಲ್ಟ್) ಎರಡೂ ಪಕ್ಕದ ತಾಮ್ರದ ವಾಷರಿನಲ್ಲಿ. ಎಎನ್ ಅಥವಾ ಜೆಐಸಿ ಎಂಬ ಕೋನ್ ಮುಖದ ಫಿಟಿಂಗಿನಲ್ಲಿ 37 ಡಿಗ್ರಿ ಕೋನಿನ ಮೇಲೆ, ಲೋಹಕ್ಕೆ ಲೋಹ ಒತ್ತಿ. ಇವುಗಳಿಗೆ ಟೇಪ್ ಸುತ್ತಿದರೆ ಪ್ರಯೋಜನ ಸೊನ್ನೆ. ಹರಿದ ಟೇಪಿನ ಎಳೆ ಎಣ್ಣೆಯ ಜೊತೆ ಒಳಗೆ ಹೋಗಿ ಟರ್ಬೋ ಫೀಡಿನಂಥ ಕಿರಿದಾದ ತೂತಿನಲ್ಲಿ ಸಿಕ್ಕಿಕೊಂಡರೆ ಬೇರಿಂಗೇ ಹೋಗುತ್ತದೆ. ಸಿಲಿಕೋನ್ ಸೀಲೆಂಟ್ ಒಳಕ್ಕೆ ಉಬ್ಬಿ ಬಂದರೂ ಅದೇ ಅಪಾಯ. ಟೇಪ್, ಸೀಲೆಂಟ್ ಎರಡೂ ಓರೆ ಥ್ರೆಡ್ಡಿಗೆ, ಅದೂ ಸರಿಯಾದ ಜೋಡಿಗೆ ಮಾತ್ರ.

ನಿಮ್ಮ ಪೋರ್ಟಿಗೆ ಬೇಕಾದದ್ದು ಅರ್ಧ ಇಂಚು ಬಿಎಸ್‌ಪಿ ನೇರ ಥ್ರೆಡ್ಡಿನ ಅಡಾಪ್ಟರ್, ಜೊತೆಗೆ ಬಾಂಡೆಡ್ ವಾಷರ್. ಲೋಹದ ಬಳೆಯೊಳಗೆ ರಬ್ಬರ್ ತುಟಿ ಇರುತ್ತದಲ್ಲ, ಅದು. ಟೇಪ್ ಬೇಡವೇ ಬೇಡ.

ಡೀಸೆಲ್ ಸವಾರ

ಪುಣ್ಯಕ್ಕೆ ಬಿರುಕಿಲ್ಲ ಸರ್, ಮೊದಲ ಥ್ರೆಡ್ ಸ್ವಲ್ಪ ತೇದಿದೆ ಅಷ್ಟೇ. ಹೋಸ್ ಕಡೆಗೆ ಏನು ಮಾಡಲಿ? ಸ್ಟೀಲ್ ಪೈಪಿನ ಒಳವ್ಯಾಸ ಸುಮಾರು 13 ಮಿ.ಮೀ. ಎಎನ್-8 ಅಂದರೆ ಅರ್ಧ ಇಂಚು ಅಂತ ಓದಿದೆ, ಸಾಕಾಗುತ್ತದೆಯೇ?

ಪಿಚ್ ಗೇಜ್

ಎಎನ್ ನಂಬರ್ ಅಂದರೆ ಲೋಹದ ಪೈಪಿನ ಹೊರವ್ಯಾಸ, ಇಂಚಿನ ಹದಿನಾರನೇ ಭಾಗಗಳಲ್ಲಿ. ಎಎನ್-8 ಅಂದರೆ 8/16, ಅರ್ಧ ಇಂಚು, ಸರಿ. ಆದರೆ ಆ ಸೈಜಿಗೆ ಬರುವ ರಬ್ಬರ್ ಹೋಸಿನ ಒಳವ್ಯಾಸ ಸುಮಾರು 11 ಮಿ.ಮೀ. ಮಾತ್ರ. ಮೂಲಕ್ಕಿಂತ ಕಿರಿದು ಮಾಡಬೇಡಿ, ಎಎನ್-10 ತೆಗೆದುಕೊಳ್ಳಿ. ಅದರ ಥ್ರೆಡ್ 7/8-14, ಅಂದರೆ 7/8 ಇಂಚು ವ್ಯಾಸ, ಇಂಚಿಗೆ 14 ಥ್ರೆಡ್. ಹೊರವ್ಯಾಸದಲ್ಲಿ 22 ಮಿ.ಮೀ. ಮೆಟ್ರಿಕ್ ಥ್ರೆಡ್ಡಿಗೆ ತೀರಾ ಹತ್ತಿರ, ಕಣ್ಣಳತೆಯಲ್ಲಿ ಮೋಸ ಹೋಗುತ್ತೀರಿ. ಥ್ರೆಡ್ಡಿನ ಅಂತರ ಅಳೆಯುವ ಪಿಚ್ ಗೇಜ್ ಹಿಡಿದೇ ನೋಡಿ. 45 ಡಿಗ್ರಿ ಫ್ಲೇರ್ (ಕೋನ್ ಮುಖ) ಇರುವ ಫಿಟಿಂಗುಗಳೂ ಅಂಗಡಿಯಲ್ಲಿರುತ್ತವೆ, 37ರ ಜೊತೆ ಸೇರಿಸಿದರೆ ಸೀಲ್ ಆಗುವುದಿಲ್ಲ.

ಇನ್ನೊಂದು ದಾರಿ ಹೈಡ್ರಾಲಿಕ್ ಹೋಸ್ ಮಾಡುವವರ ಹತ್ತಿರ ಕ್ರಿಂಪ್ ಮಾಡಿಸುವುದು. ನನ್ನ ಮಟ್ಟಿಗೆ ರಸ್ತೆ ಗಾಡಿಗೆ ಇದೇ ಹೆಚ್ಚು ಬಾಳಿಕೆಯದು. ಒತ್ತಡದ ಮಟ್ಟಿಗೆ ಅವರ ಹೋಸ್ ನಿಮಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಗಟ್ಟಿ. ಕೇಳಬೇಕಾದ್ದು ತಾಪಮಾನ. ಸಾಮಾನ್ಯ ಹೈಡ್ರಾಲಿಕ್ ಹೋಸಿನ ಮಿತಿ 100 ಡಿಗ್ರಿ, ಎಂಜಿನ್ ಆಯಿಲ್ ಅದನ್ನು ದಾಟಬಹುದು. 120 ಡಿಗ್ರಿ ಅಥವಾ ಅದಕ್ಕೂ ಮೇಲೆ ತಾಳುವುದನ್ನೇ ಕೇಳಿ. ಪಿಟಿಎಫ್‌ಇ (ಟೆಫ್ಲಾನ್) ಹೋಸ್ ತೆಗೆದುಕೊಂಡರೆ ಅದಕ್ಕೇ ಮಾಡಿದ ಫಿಟಿಂಗ್ ಬೇಕು, ರಬ್ಬರ್ ಹೋಸಿನ ಫಿಟಿಂಗಿನಲ್ಲಿ ನಿಲ್ಲುವುದಿಲ್ಲ.

ಕತ್ತರಿಸಿದ ಸ್ಟೀಲ್ ತುದಿಗೆ ಬರೀ ಕ್ಲಿಪ್ ಹಾಕಿ ಬಿಡಬೇಡಿ. ಅಲ್ಲಿ ಉಬ್ಬು ಅಂಚಿಲ್ಲ, ಒತ್ತಡಕ್ಕೆ ಹೋಸ್ ಜಾರುತ್ತದೆ. ಪೈಪಿನ ಹೊರವ್ಯಾಸಕ್ಕೆ ಸರಿಯಾದ, ಕಚ್ಚುವ ರಿಂಗಿನ ಕಂಪ್ರೆಷನ್ ಫಿಟಿಂಗ್ ಹಾಕಿಸಿ.

ಜೋಡಿಸುವಾಗ ಎರಡು ಪಾನಾ ಬೇಕು, ಒಂದು ಅಡಾಪ್ಟರ್ ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಒಂದೇ ಪಾನಾದಲ್ಲಿ ಎಳೆದರೆ ತಿರುಚಿಕೊಳ್ಳುವುದು ಕೂಲರಿನ ಕುತ್ತಿಗೆ. ಕೋನಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ. ಒತ್ತಡ ಬಂದಾಗ ಹೋಸ್ ಉದ್ದದಲ್ಲಿ ಸ್ವಲ್ಪ ಕುಗ್ಗಬಹುದು, ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತದೆ. ಆದ್ದರಿಂದ ಬಿಗಿದು ಎಳೆದ ಹೋಸ್ ಬೇಡ, ಸ್ವಲ್ಪ ಸಡಿಲ ಬಿಡಿ. ಹೋಸ್ ಮೇಲೆ ಉದ್ದಕ್ಕೆ ಅಚ್ಚಾದ ಗೆರೆ ಇರುತ್ತದೆ. ಅದು ಸುರುಳಿ ಸುತ್ತಿದ್ದರೆ ಹೋಸ್ ತಿರುಚಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಿ.

ಶೆಡ್ ಹುಡುಗ

ಕಲಿತೆ ಅಣ್ಣಾ. ಬ್ರೇಕ್ ಲೈನಿಗೂ ಇದೇ ಕ್ರಮವೇ?

ಪಿಚ್ ಗೇಜ್

ಖಂಡಿತ ಅಲ್ಲ. ಬ್ರೇಕಿನಲ್ಲಿ ಒತ್ತಡವೇ ಬೇರೆ ಲೆಕ್ಕ. ಆ ಗಾಡಿಗೆಂದೇ ಮಾಡಿದ ಹೋಸ್ ಬಿಟ್ಟು ಬೇರೇನೂ ಹಾಕಬೇಡ.

ಡೀಸೆಲ್ ಸವಾರ

ಕೆಲಸ ಮುಗಿಯಿತು. ಹೊಸ ಅಡಾಪ್ಟರ್, ಬಾಂಡೆಡ್ ವಾಷರ್, ಕ್ರಿಂಪ್ ಮಾಡಿಸಿದ ಎರಡು ಹೋಸ್. ಹೈವೇ ಓಡಿಸಿ ಬಂದೆ, ಕೂಲರ್ ಕಡೆ ಪೌಡರ್ ಒಣಗಿದ ಹಾಗೇ ಇದೆ. ಎಂಜಿನ್ ಕಡೆಯ ಬ್ಯಾಂಜೋ ಬೋಲ್ಟ್ ಮಾತ್ರ ತೆಳ್ಳಗೆ ಒದ್ದೆ. ಅದರ ತಾಮ್ರದ ವಾಷರ್ ಹಳೆಯದೇ.

ಪಿಚ್ ಗೇಜ್

ಬೋಲ್ಟನ್ನು ಇನ್ನಷ್ಟು ಬಿಗಿಯಬೇಡಿ, ಒಳಗೆ ಟೊಳ್ಳಿರುತ್ತದೆ, ಮುರಿಯುತ್ತದೆ. ಒಮ್ಮೆ ಒತ್ತಿದ ತಾಮ್ರ ಗಟ್ಟಿಯಾಗಿರುತ್ತದೆ, ಮತ್ತೆ ಮುಖಕ್ಕೆ ಹೊಂದಿಕೊಳ್ಳುವುದಿಲ್ಲ. ಎರಡೂ ವಾಷರ್ ಹೊಸದು ಹಾಕಿ. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ, ಮುಖದ ಕರಿ ಉಜ್ಜಿ ತೆಗೆದು ಹಾಕಬಹುದು. ಕೂರಿಸುವ ಮೊದಲು ಬೋಲ್ಟ್ ಮುಖದಲ್ಲೂ ಎಂಜಿನ್ ಬ್ಲಾಕಿನ ಮುಖದಲ್ಲೂ ಗೀರು ಇದೆಯೇ ಉಗುರಾಡಿಸಿ ನೋಡಿ. ಬಿಗಿ ಎಷ್ಟು ಎನ್ನುವುದಕ್ಕೆ ಗಾಡಿಯ ಮ್ಯಾನುಯಲ್‌ನಲ್ಲಿ ಟಾರ್ಕ್ ಅಂಕಿ ಇರುತ್ತದೆ.