ತಮ್ಮನ ಮೇಲೆ ಡ್ರಂಕ್ ಅಂಡ್ ಡ್ರೈವ್ ಕೇಸ್ ಆಗಿದೆ, ಡಿಎಲ್ ಉಳಿಸಿಕೊಳ್ಳೋದು ಹೇಗೆ?

ತಿಪಟೂರಿನ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಟಾಟಾ ಏಸ್ ಇಟ್ಕೊಂಡು ಕೊಬ್ಬರಿ, ಎಳನೀರು ಲೋಡು ಹೊಡೀತಾನೆ. ಮನೆ ನಡೆಯೋದೇ ಅದರಲ್ಲಿ. ಶನಿವಾರ ರಾತ್ರಿ ಸ್ನೇಹಿತರ ಜೊತೆ ಕುಡಿದು ಬೈಕಲ್ಲಿ ಬರುವಾಗ ಪೊಲೀಸರು ಊದಿಸಿದ್ದಾರೆ, 86 ಬಂದಿದೆ. ಬೈಕು ಸ್ಟೇಷನ್ನಲ್ಲಿದೆ. ಡಿಎಲ್ ಇಟ್ಕೊಂಡು ಒಂದು ಚೀಟಿ ಕೊಟ್ಟಿದ್ದಾರೆ, ಕೋರ್ಟಿಗೆ ಬರಬೇಕಂತೆ. ಪರಿಚಯದವರೊಬ್ಬರು ಹದಿನೈದು ಸಾವಿರ ಕೊಟ್ರೆ ಕೋರ್ಟಿಗೆ ಹೋಗದ ಹಾಗೆ ಮುಗಿಸ್ತೀನಿ ಅಂತಿದ್ದಾರೆ. ಇವನು ಚೀಟಿ ಇದೆಯಲ್ಲ, ನಾಳೆಯಿಂದ ಗಾಡಿ ತೆಗೀತೀನಿ ಅಂತಾನೆ. ಜೈಲಾಗುತ್ತಾ? ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ವಕೀಲ, ತುಮಕೂರು
ಅಕ್ಕ, ಮೊದಲು ಆ ಗಾಡಿ ನಿಲ್ಲಿಸಿ. ಬೇರೆ ಕೇಸಲ್ಲಿ ಡಿಎಲ್ ತಗೊಂಡಾಗ ಕೊಡೋ ಚೀಟಿ ಮೇಲೆ ಓಡಿಸಬಹುದು. ಕುಡಿದು ಓಡಿಸಿದ ಕೇಸಲ್ಲಿ ಹಾಗಲ್ಲ. ಡಿಎಲ್ ವಾಪಸ್ ಬರೋವರೆಗೆ ಆ ಚೀಟಿ ಓಡಿಸೋಕೆ ಅನುಮತಿ ಅಲ್ಲ ಅಂತ ಮೋಟಾರು ವಾಹನ ಕಾಯ್ದೆಯ 206ನೇ ಸೆಕ್ಷನ್ನಲ್ಲೇ ಇದೆ. ಈಗ ಸಿಕ್ಕಿಬಿದ್ರೆ ಇನ್ನೊಂದು ಕೇಸು ಮೈಮೇಲೆ ಬರುತ್ತೆ.

ಆ ಪರಿಚಯದವರಿಗೆ ಒಂದು ರೂಪಾಯಿನೂ ಕೊಡಬೇಡಿ. ಹೆಲ್ಮೆಟ್ ಕೇಸಿನ ಹಾಗೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸೋ ಪಟ್ಟಿಯಲ್ಲಿ ಸೆಕ್ಷನ್ 185, ಅಂದ್ರೆ ಕುಡಿದು ಓಡಿಸೋ ಕೇಸು, ಇಲ್ಲವೇ ಇಲ್ಲ. ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ಹೋಗದಿದ್ರೆ ಮೊದಲು ಸಮನ್ಸ್, ಆಮೇಲೆ ವಾರಂಟ್.

ಮಿತಿ ಇರೋದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 86 ಅಂದ್ರೆ ಮೂರು ಪಟ್ಟಿನ ಹತ್ತಿರ. ಮೊದಲ ಸಲಕ್ಕೆ 10,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತ ಆಗಿಲ್ಲ, ಹಳೇ ಕೇಸಿಲ್ಲ ಅಂದ್ರೆ ನಾನು ನೋಡಿದ ಮಟ್ಟಿಗೆ ದಂಡದಲ್ಲೇ ಮುಗಿಯುತ್ತೆ. ಎರಡನೇ ಸಲ ಸಿಕ್ಕಿದ್ರೆ 15,000, ಜೈಲು ಎರಡು ವರ್ಷದವರೆಗೂ ಹೋಗಬಹುದು. ಊದಿಸಿದಾಗ ಬಂದ ಪ್ರಿಂಟ್ ನೋಡಿ: ಸಮಯ, ಹೆಸರು, ಸಹಿ ಸರಿ ಇದೆಯಾ? ಅವನೇ ಓಡಿಸ್ತಿದ್ನಾ? ಅದರಲ್ಲಿ ನಿಜವಾದ ತಪ್ಪಿದ್ರೆ ವಾದ ಮಾಡೋಣ. ಎಲ್ಲಾ ಸರಿ ಇದ್ರೆ ಒಪ್ಪಿಕೊಳ್ಳೋದೇ ಒಳ್ಳೇದು. ವರ್ಷಗಟ್ಟಲೆ ಅಲೆದು ಲೋಡು ಕಳ್ಕೊಳ್ಳೋದು ಯಾಕೆ? ದಂಡದ ರಸೀದಿ, ಆರ್‌ಸಿ, ಇನ್ಶೂರೆನ್ಸ್ ತೋರಿಸಿ ಬೈಕು ಬಿಡಿಸಿಕೊಳ್ಳಿ.

ನನಗೆ ಚಿಂತೆ ಇರೋದು ದಂಡದ ಬಗ್ಗೆ ಅಲ್ಲ, ಡಿಎಲ್ ಬಗ್ಗೆ. ಪೊಲೀಸರು ಅದನ್ನ ಆರ್‌ಟಿಓಗೆ ಕಳಿಸ್ತಾರೆ. ಸಾಮಾನ್ಯವಾಗಿ ಮೂರು ತಿಂಗಳು ಅಮಾನತು ಮಾಡ್ತಾರೆ. ಆದರೆ ಅದಕ್ಕೂ ಮುಂಚೆ ನಿಮ್ಮ ಮಾತು ಕೇಳಬೇಕು, ನೋಟಿಸ್ ಕೊಡಬೇಕು. ತುಂಬಾ ಜನ ಆ ನೋಟಿಸನ್ನ ಒಡೆದೂ ನೋಡಲ್ಲ! ನೀವು ಉತ್ತರ ಬರೀರಿ. 19ನೇ ಸೆಕ್ಷನ್ ಪ್ರಕಾರ ಎಲ್ಲಾ ವರ್ಗದ ವಾಹನಕ್ಕೂ ಅಮಾನತು ಮಾಡಬಹುದು, ಕೆಲವು ವರ್ಗಕ್ಕೆ ಮಾತ್ರವೂ ಮಾಡಬಹುದು. ಸಿಕ್ಕಿದ್ದು ಬೈಕಲ್ಲಿ, ಜೀವನ ನಡೆಯೋದು ಗೂಡ್ಸ್ ಗಾಡಿಯಲ್ಲಿ, ಅಮಾನತು ದ್ವಿಚಕ್ರ ವಾಹನಕ್ಕೆ ಸೀಮಿತವಾಗಿರಲಿ ಅಂತ ಕೇಳಿ. ಕೊಡಲೇಬೇಕು ಅಂತಿಲ್ಲ, ಕೇಳೋ ಹಕ್ಕಿದೆ. ಆದೇಶ ವಿರುದ್ಧ ಬಂದ್ರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಫೀಸು ಕಷ್ಟ ಅಂದ್ರೆ ಕೋರ್ಟಲ್ಲೇ ಇರೋ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ.

ಲಾರಿ ಅಣ್ಣ, ಅರಸೀಕೆರೆ
ವಕೀಲರು ಹೇಳಿದ್ದು ಸರಿ. ನಾನು ನಿಮ್ಮ ತಮ್ಮನಿಗೆ ಒಂದು ಮಾತು ಹೇಳ್ತೀನಿ. ನಮ್ಮ ಲೈನಲ್ಲಿ ರಾತ್ರಿ ಕುಡಿದು ಬೆಳಗಿನ ಜಾವ ನಾಲ್ಕಕ್ಕೆ ಲೋಡು ಹೊರಡೋರು ಇದ್ದಾರೆ. ಮೈಯಿಂದ ಗಂಟೆಗೆ ಇಳಿಯೋದು ಹೆಚ್ಚುಕಮ್ಮಿ 15ರಿಂದ 20 ಅಷ್ಟೇ. 86 ಇದ್ದದ್ದು 30ಕ್ಕೆ ಬರೋಕೇ ಮೂರು ನಾಲ್ಕು ಗಂಟೆ ಬೇಕು. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನ ಬೇಗ ಇಳಿಸಲ್ಲ. ಕುಡಿದು ಗಾಡಿ ಗುದ್ದಿದ್ರೆ ನಮ್ಮ ಗಾಡಿ ರಿಪೇರಿಗೆ ಇನ್ಶೂರೆನ್ಸ್‌ನೋರು ಕೊಡಲ್ಲ. ಎದುರಿನವರಿಗೆ ಪರಿಹಾರ ಕೊಟ್ಟು, ಆಮೇಲೆ ನಮ್ಮಿಂದ ವಸೂಲಿಗೂ ಬರಬಹುದು. ಗಾಡಿ ಮೇಲೆ ಸಾಲ ಇದ್ರೆ ಮನೆ ಮುಳುಗುತ್ತೆ ತಮ್ಮಾ.

ತಿಪಟೂರಿನ ಅಕ್ಕ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗಾಡಿ ಕೀ ನಾನೇ ಎತ್ತಿಟ್ಟೆ. ಆದರೆ ಮಂಡಿಯವರಿಗೆ ಈ ವಾರ ಲೋಡು ಒಪ್ಕೊಂಡಿದ್ದಾನೆ. ನಮ್ಮ ಚಿಕ್ಕಪ್ಪನ ಮಗನ ಹತ್ತಿರ ಕಾರಿನ ಡಿಎಲ್ ಇದೆ, ಅವನು ಓಡಿಸಬಹುದಾ?

ವಕೀಲ, ತುಮಕೂರು
ಓಡಿಸಬಹುದು. 7,500 ಕೆಜಿ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಕಾರಿನಂಥ ಲಘು ವಾಹನದ) ಡಿಎಲ್ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅವನ ಡಿಎಲ್ ಅವಧಿ ಮುಗಿದಿಲ್ಲ ಅಂತ ಮಾತ್ರ ನೋಡ್ಕೊಳ್ಳಿ. ಆರ್‌ಟಿಓ ನೋಟಿಸ್ ಬಂದ ದಿನ ಇಲ್ಲೇ ಬರೀರಿ, ಉತ್ತರದ ಕರಡು ನಾನು ಮಾಡಿಕೊಡ್ತೀನಿ. ಅಮ್ಮನಿಗೆ ಊಟ ಮಾಡೋಕೆ ಹೇಳಿ.